ಮೂಗಿನೊಳಗಿನ ಕಾಫಿ ಬೀಜ

ಸಂಜೆ ಹಣ್ಣಿನ ತೂಕ ಮುಗಿದ ಮೇಲೆ ಹೆಂಗಸರು ಮಡಿಲು ಕೊಡವಬೇಕು. ಸೀತಾರಾಮಯ್ಯನವರ ಕಾಫಿ ತೋಟದ ಕಾನೂನು ಇದು. ಎಲ್ಲೂ ಬರೆದಿಟ್ಟಿಲ್ಲ. ಬರೆದಿಡುವ ಅಗತ್ಯವೂ ಬಿದ್ದಿಲ್ಲ. ಮೊದಲು ಮಡಿಲು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ ಸೆರಗು. ಕೊನೆಗೆ ತುರುಬು. ತುರುಬು ಬಿಚ್ಚಿ, ತಲೆ ಬಗ್ಗಿಸಿ, ಕೂದಲನ್ನು ಒಂದು ಸಲ ಜಾಡಿಸಬೇಕು. ಹಿಂದೆ ಯಾವಳೋ ಒಬ್ಬಳು ತುರುಬಿನೊಳಗೆ ಕಾಳುಮೆಣಸು ಇಟ್ಟುಕೊಂಡು ಗೇಟು ದಾಟಿದ್ದಳಂತೆ. ಅವಳು ಯಾರು, ಯಾವ ಕಾಲದವಳು, ಒಂದು ತುರುಬಿನಲ್ಲಿ ಎಷ್ಟು ಮೆಣಸು ಹಿಡಿಯುತ್ತದೆ ಎಂದು ಯಾರೂ ಕೇಳಿದವರಿಲ್ಲ. ಅವಳ ಹೆಸರಿನಲ್ಲಿ ಮಿಕ್ಕವರೆಲ್ಲ ತುರುಬು ಬಿಚ್ಚುತ್ತ ಬಂದಿದ್ದರು.

ಅಮ್ಮಂದಿರ ಹಿಂದೆ ತೋಟಕ್ಕೆ ಬರುವ ಮಕ್ಕಳಿಗೂ ಕಾನೂನಿನಲ್ಲಿ ರಿಯಾಯಿತಿ ಇರಲಿಲ್ಲ. ಅವು ಅಂಗೈ ಬಿಚ್ಚಿ ತೋರಿಸಬೇಕು, ಲಂಗವೋ ಚಡ್ಡಿಯೋ ಕೊಡವಬೇಕು, ಬಾಯಿ ತೆರೆದು 'ಆ' ಅನ್ನಬೇಕು. ಕಾಫಿ ಹಣ್ಣಿನ ಸಿಪ್ಪೆ ಸಿಹಿ. ಮಕ್ಕಳು ಅದನ್ನು ಚೀಪುತ್ತವೆ. ಚೀಪಿಕೊಳ್ಳಲಿ, ಅಯ್ಯನವರದು ಅಷ್ಟು ಸಣ್ಣ ಮನಸ್ಸಲ್ಲ. ಬೀಜ ಮಾತ್ರ ಬಾಯೊಳಗೆ ಕೂತು ಗೇಟು ದಾಟಬಾರದು.

ಆ ವರ್ಷ ಕಾಫಿ ರೇಟು ನೆಲ ಕಚ್ಚಿತ್ತು. ಬೆಳೆಗಾರರು ಹತ್ತಿರದ ಜಯಪುರದ ಹೋಟೆಲುಗಳಲ್ಲಿ ಕೂತು, ಟೀ ಕುಡಿಯುತ್ತ, ಕಾಫಿಯನ್ನು ಬೈಯುತ್ತಿದ್ದರು. ಕೊಯ್ದ ಕೂಲಿಯೂ ಹುಟ್ಟುವುದಿಲ್ಲ, ಗಿಡ ಕಿತ್ತು ಹಾಕುವುದೇ ವಾಸಿ ಎಂದು ಸೀತಾರಾಮಯ್ಯನವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಬೆಲೆ ಬಿದ್ದಷ್ಟೂ ಕಾವಲು ಬಿಗಿಯಾಯಿತು.

ಕಾವಲಿನ ಹೊಣೆ ಕೃಷ್ಣಪ್ಪನದು. ತೋಟದ ರೈಟರು. ಹಾಜರಿ ಹಾಕುವವನು, ತೂಕ ನೋಡುವವನು, ಬೈಯಬೇಕಾದಾಗ ಅಯ್ಯನವರ ಪರವಾಗಿ ಬೈಯುವವನು. ಕೆಟ್ಟವನೇನಲ್ಲ. ಹೆಂಗಸರು ತುರುಬು ಬಿಚ್ಚುವಾಗ ಮುಖ ತಿರುಗಿಸಿ ಸಿಲ್ವರ್ ಮರದ ತುದಿ ನೋಡುತ್ತಿದ್ದ. ಮರದ ತುದಿ ನೋಡುತ್ತಲೇ ನೆಲಕ್ಕೆ ಏನು ಬಿತ್ತು ಎಂದು ಹೇಳುತ್ತಿದ್ದ. ಅಷ್ಟು ಮರ್ಯಾದಸ್ಥ.

ಸಣ್ಣಕ್ಕ ಗೇಟಿನಾಚೆ ಕೂಲಿಯವರಿಗೆಂದು ತೋಟದವರು ಕಟ್ಟಿದ ಲೈನ್ ಮನೆಯಲ್ಲಿ ಇದ್ದವಳು. ಗಂಡ ಪುಟ್ಟಪ್ಪ ಮರ ಕುಯ್ಯುವ ಕೆಲಸಕ್ಕೆ ನರಸಿಂಹರಾಜಪುರದ ಕಡೆ ಹೋಗಿದ್ದ, ಯಾವಾಗಲಾದರೂ ಒಂದು ಭಾನುವಾರ ಬರುತ್ತಿದ್ದ. ಇವಳು ಬೆಳಗಿನಿಂದ ಗಿಡದಡಿ ಬಗ್ಗಿ ನಿಂತು ಹಣ್ಣು ಕೊಯ್ಯುತ್ತಿದ್ದಳು. ಚಗಳಿ ಇರುವೆ ಕುತ್ತಿಗೆಯೊಳಗೆ ಬೀಳುತ್ತಿತ್ತು. ಉಗುರಿನ ಬುಡ ಒಡೆದು ಉರಿಯುತ್ತಿತ್ತು. ಸಂಜೆ ಹಣ್ಣಿನ ಮೂಟೆ ಹೊತ್ತು ದಿಬ್ಬ ಹತ್ತುವಾಗ ಮಂಡಿ ನಡುಗುತ್ತಿತ್ತು. ಅಷ್ಟಾದ ಮೇಲೆ ಮಡಿಲು ಕೊಡವುವುದು ಅವಳಿಗೆ ಬೇಜಾರು ಅನ್ನಿಸುತ್ತಿರಲಿಲ್ಲ ಎಂದೇ ಹೇಳಬೇಕು. ಕಾಲು ತೊಳೆದುಕೊಂಡ ಹಾಗೆ ಅದೂ ಒಂದು ಸಂಜೆಯ ಕೆಲಸವಾಗಿತ್ತು.

ಅವಳ ಮಗಳು ಭವ್ಯ. ಐದು ವರ್ಷದ್ದು. ಬಾಯಿ ಬಿಟ್ಟರೆ ಪ್ರಶ್ನೆ. ಈ ಗಿಡ ಯಾರದು ಎಂದರೆ ಅಯ್ಯೋರದು. ಆ ಗಿಡ? ಅದೂ ಅಯ್ಯೋರದೇ. ಹಲಸಿನ ಮರ? ಹೊಳೆದಂಡೆಯ ಬಿದಿರು? ಎಲ್ಲ ಅಯ್ಯೋರದು. ಮರದ ಮೇಲಿನ ಮಂಗ ಯಾರದು ಎಂದು ಕೇಳಿದಾಗ ಸಣ್ಣಕ್ಕ, ಅದನ್ನು ರೈಟ್ರ ಹತ್ತಿರ ಕೇಳು ಎಂದಿದ್ದಳು. ಭವ್ಯ ನಿಜಕ್ಕೂ ಹೋಗಿ ಕೇಳಿತು. ಕೃಷ್ಣಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದ್ದನಂತೆ.

ಒಂದು ಬೆಳಿಗ್ಗೆ ಆ ಪ್ರಶ್ನೆಗಳು ನಿಂತುಹೋದವು. ಭವ್ಯ ಗಿಡದ ಬುಡದಲ್ಲಿ ಮುದುರಿ ಕೂತು ಬಾಯಲ್ಲಿ ಉಸಿರು ಬಿಡುತ್ತಿತ್ತು. ಒಂದು ಹೊಳ್ಳೆಯಿಂದ ಕೆಂಪಗೆ ನೀರು. ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ಮುದುಕಿ ಯಮುನಮ್ಮ ಮೂಗನ್ನು ಬೆಳಕಿಗೆ ಎತ್ತಿ ನೋಡಿದಳು. ಒಳಗೆ ಬೆಳ್ಳಗೆ ಒಂದು ಕಾಫಿ ಬೀಜ. ಹಸಿ ಬೀಜ, ತೇವಕ್ಕೆ ಉಬ್ಬಿಕೊಂಡು ಗಟ್ಟಿಯಾಗಿ ಕೂತುಬಿಟ್ಟಿತ್ತು. ಯಾವಾಗ ಹಾಕ್ಕೊಂಡೆ ಎಂದರೆ ಉತ್ತರವಿಲ್ಲ. ಯಾಕೆ ಹಾಕ್ಕೊಂಡೆ ಎಂದರೂ ಇಲ್ಲ. ಸಣ್ಣಕ್ಕ ಬೆನ್ನಿಗೊಂದು ಕೊಟ್ಟಳು. ಮಕ್ಕಳ ಮೂಗು ಹೊಸದಾಗಿದ್ದಾಗ ಅದರೊಳಗೆ ಏನು ಹಿಡಿಯುತ್ತದೆ ಎಂದು ನೋಡುವುದು ಅವರ ಬುದ್ಧಿ, ಅದಕ್ಕೆ ಇಷ್ಟು ಸಾಕು ಎಂದುಕೊಂಡಳು.

ಯಮುನಮ್ಮನ ಬಳಿ ಎಲ್ಲದಕ್ಕೂ ಮದ್ದು ಒಂದೇ, ನಶ್ಯ. ತಲೆನೋವಿಗೆ ನಶ್ಯ, ಹಲ್ಲುನೋವಿಗೆ ನಶ್ಯ, ಸೊಸೆಯ ಜೊತೆ ಜಗಳವಾದರೂ ನಶ್ಯ. ಒಂದು ಚಿಟಿಕೆ ಸಾಕು, ಸೀನು ಬಂದರೆ ಬೀಜ ಶೃಂಗೇರಿ ಮುಟ್ಟುತ್ತದೆ ಎಂದಳು. ಹೆಂಗಸರೆಲ್ಲ ಕೊಯ್ಲು ಬಿಟ್ಟು ಸುತ್ತ ನಿಂತರು. ಡಬ್ಬಿಯ ಮುಚ್ಚಳ ತೆಗೆದಾಗ ಗಾಳಿ ಬೀಸಿತು. ಯಮುನಮ್ಮ ಸೀನಿದಳು. ಹಿಂದೆ ನಿಂತವರು ಸೀನಿದರು. ಸಣ್ಣಕ್ಕನೂ ಸೀನಿದಳು. ಸೀನದೆ ಉಳಿದದ್ದು ಭವ್ಯ ಒಂದೇ. ಅದು ಸೀನುವ ಬದಲು ಹೊಟ್ಟೆತುಂಬ ಉಸಿರೆಳೆದುಕೊಂಡಿತು. ಬೀಜ ಇನ್ನೂ ಮೇಲೆ ಹೋಯಿತು. ಕೂಸು ಕೆಮ್ಮಿತು, ಕಣ್ಣು ಮೇಲಾಯಿತು, ಗಂಟಲಿನಲ್ಲಿ ಸುಂಯ್ ಎಂದು ಸದ್ದು ಬಂತು. ಯಾರೂ ನಗಲಿಲ್ಲ ಆಮೇಲೆ.

ಸಣ್ಣಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು ಓಡಿದಳು. ಸೊಂಟಕ್ಕೆ ಕಟ್ಟಿದ ಹಣ್ಣಿನ ಚೀಲ ಬಿಚ್ಚಲೂ ಇಲ್ಲ. ಅಯ್ಯನವರ ಮನೆಯಂಗಳದಲ್ಲಿ ಜೀಪು ಹೊರಟು ನಿಂತಿತ್ತು, ಪೇಟೆಯಿಂದ ಡೀಸೆಲ್ ತರಲು. ಸೀತಾರಾಮಯ್ಯನವರು ಪೇಪರು ಮಡಿಸಿ ಎಲ್ಲ ಕೇಳಿದರು. ಬೀಜ ನಮ್ಮ ತೋಟದ್ದೇ ಏನು ಎಂದು ವಿಚಾರಿಸಿದರು. ಬೇರೆಯವರ ತೋಟದ ಬೀಜ ಮೂಗಿಗೆ ಹಾಕಿಕೊಳ್ಳಲು ನನ್ನ ಮಗಳು ಯಾವ ಊರು ಸುತ್ತಿಬಂದವಳು ಎಂಬ ಮಾತು ಸಣ್ಣಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. ಜೀಪು ಅವರದು. ಅವಳು ನುಂಗಿಕೊಂಡಳು. ಕರೆದುಕೊಂಡು ಹೋಗಲಿ ಎಂದು ಅವರು ಒಪ್ಪಿದರು. ಕೃಷ್ಣಪ್ಪನೂ ಜೊತೆಗೆ ಹೋಗಲಿ, ಆಸ್ಪತ್ರೆಯವರು ಏನಾದರೂ ಕೇಳಿದರೆ ಇವಳಿಗೆ ಹೇಳಲು ಬರುವುದಿಲ್ಲ ಎಂದರು. ಲೈನಿನಲ್ಲಿ ಸಣ್ಣಕ್ಕನ ಬಾಯಿಗೆ ಹೆದರದವರಿರಲಿಲ್ಲ. ಅಯ್ಯನವರಿಗೆ ಅದು ತಿಳಿದಿರಲಿಲ್ಲ, ಯಾಕೆಂದರೆ ಅವರೆದುರು ಅವಳು ಎಂದೂ ಬಾಯಿ ತೆರೆದಿರಲಿಲ್ಲ.

ಗೇಟಿನ ಹತ್ತಿರ ಜೀಪು ನಿಧಾನ ಮಾಡಿತು. ಕೃಷ್ಣಪ್ಪ ಮುಂದಿನ ಸೀಟಿನಿಂದ ಇಳಿದು ಹಿಂದಕ್ಕೆ ಬಂದ. ಅವಳ ಸೊಂಟದ ಚೀಲ ಬಿಚ್ಚಿಸಿ ಕೆಳಗಿಟ್ಟ.

"ಮಡ್ಲೊಂಚೂರು ಕೊಡವಿಬಿಡು ಮಾರಾಯ್ತಿ. ಆಮೇಲೆ ನಂಗೆ ಮಾತು ಬರ್ತದೆ" ಎಂದ.

ಕೂಸು ಅವಳ ಕುತ್ತಿಗೆಯ ಮೇಲೆ ಸುಂಯ್‌ಗುಡುತ್ತಿತ್ತು. ಸಣ್ಣಕ್ಕ ಅದನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಜೀಪಿನಿಂದ ಇಳಿದಳು. ಮಡಿಲು ಕೊಡವಿದಳು. ಒಂದು ಎಲೆ ಬಿತ್ತು, ಒಂದು ಚಗಳಿ ಬಿತ್ತು. ಕೃಷ್ಣಪ್ಪ ಸಿಲ್ವರ್ ಮರ ನೋಡಿ, ಆಯ್ತು ಹತ್ತು ಎಂದ. ಅವಳು ಹತ್ತಿದಳು. ಸಿಟ್ಟು ಆಗ ಬರಲಿಲ್ಲ. ಹೆದರಿಕೆ ಒಳಗೆಲ್ಲ ತುಂಬಿಕೊಂಡಿತ್ತು, ಸಿಟ್ಟಿಗೆ ಕೂರಲು ಜಾಗವಿರಲಿಲ್ಲ.

ಪೇಟೆಯ ಆಸ್ಪತ್ರೆಯಲ್ಲಿ ಎಮರ್ಜೆನ್ಸಿ ಎಂದು ಬೋರ್ಡು ಹಾಕಿದ ಕೋಣೆ ಒಂದಿತ್ತು. ಒಂದು ಮಂಚ, ಒಂದು ಮೇಜು, ಪೋಲಿಯೋ ಹನಿಯ ಚಿತ್ರ. ಮಂಚಕ್ಕಿಂತ ಮಕ್ಕಳು ಜಾಸ್ತಿ. ಬಾಗಿಲಲ್ಲಿ ನರ್ಸ್ ಪ್ರೇಮಕ್ಕ ನಿಂತಿದ್ದಳು. ಮಕ್ಕಳು ಯಾವ ಕಾಲಕ್ಕೆ ಏನು ಮಾಡಿಕೊಂಡು ಬರುತ್ತವೆ ಎಂದು ಅವಳಿಗೆ ಬಾಯಿಪಾಠ. ಅಡಿಕೆ ಸುಲಿತಕ್ಕೆ ಬೆರಳು. ಹಲಸು ಮಾವಿನ ಕಾಲಕ್ಕೆ ಕೈಮೂಳೆ. ಮಳೆ ಹಿಡಿದ ಮೇಲೆ ಜ್ವರ, ದಮ್ಮು. ಶಾಲೆ ಶುರುವಾದರೆ ಬಳಪ ನುಂಗಿದವರು. ಮೂಗಿಗೆ ಮಾತ್ರ ಸೀಸನ್ ಅಂತಿಲ್ಲ, ವರ್ಷವಿಡೀ ಬರುತ್ತವೆ ಎಂದು ಅವಳು ಭವ್ಯನ ಮುಖ ನೋಡಿಯೇ ಹೇಳಿದಳು. ಲೈನಿನ ಮಕ್ಕಳು ತಡವಾಗಿ ಬರುತ್ತವೆ ಎಂಬುದೂ ಅವಳಿಗೆ ಗೊತ್ತಿತ್ತು. ಮೊದಲು ಮದ್ದು ಬಲ್ಲ ಮುದುಕಿ, ಆಮೇಲೆ ಧಣಿ, ಆಮೇಲೆ ಜೀಪು, ಕೊನೆಗೆ ಆಸ್ಪತ್ರೆ. ತಡ ಯಾಕೆ ಮಾಡಿದೆ ಎಂಬ ಬೈಗುಳ ಮಾತ್ರ ಅಮ್ಮನಿಗೆ.

ಬೈದಾದ ಮೇಲೆ ಪ್ರೇಮಕ್ಕ ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದಳು. ಯಾರ ಕಡೆಯವರು?

ಸೀತಾರಾಮಯ್ಯನವರ ತೋಟದ್ದು ಎಂದು ಕೃಷ್ಣಪ್ಪ ಹೇಳಿದ. ಹಾಗೆ ಹೇಳಿದ್ದಕ್ಕೆ ಅವನಿಗೆ ಒಂದು ಕುರ್ಚಿ ಸಿಕ್ಕಿತು. ಸಣ್ಣಕ್ಕನಿಗೆ ಗೋಡೆ ಸಿಕ್ಕಿತು.

ಮಂಚದ ಮೇಲೆ ಅವಿನಾಶ ಎಂಬ ಹುಡುಗ ಕೂತಿದ್ದ. ಅಪ್ಪನ ಪಂಪ್‌ಸೆಟ್ಟಿನ ನಟ್ಟಿಗೆ ಬೆರಳು ತೂರಿಸಿಕೊಂಡು ಬಂದವನು. ಬೆರಳು ಒಂದೇ. ಜೊತೆಗೆ ಬಂದವರು ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಒಬ್ಬ ಸೋದರಮಾವ. ಸೋದರಮಾವನ ಕೆಲಸ ಬಿಸ್ಕೆಟ್ ಪೊಟ್ಟಣ ಹಿಡಿದು ನಿಲ್ಲುವುದು. ಅವಿನಾಶ ಅಳುತ್ತಿರಲಿಲ್ಲ, ಒಂದು ಕೈಗೆ ನಟ್ಟು, ಇನ್ನೊಂದು ಕೈಗೆ ಬಿಸ್ಕೆಟ್ಟು. ಅಜ್ಜ ಈ ಆಸ್ಪತ್ರೆಯ ದೊಡ್ಡ ಡಾಕ್ಟರು ತಮಗೆ ಹೇಗೆ ಬೇಕಾದವರು ಎಂದು ಎಲ್ಲರಿಗೂ ಕೇಳುವ ಹಾಗೆ ವಿವರಿಸುತ್ತಿದ್ದರು.

ಬಂದದ್ದು ಮಾತ್ರ ದೊಡ್ಡ ಡಾಕ್ಟರಲ್ಲ. ರಮ್ಯಶ್ರೀ ಎಂಬ ಹೊಸ ಡಾಕ್ಟರಮ್ಮ. ಗಿಡ್ಡಕೆ, ನಿದ್ದೆಗೆಟ್ಟ ಕಣ್ಣು, ಕುತ್ತಿಗೆಯ ಸ್ಟೆತಸ್ಕೋಪು ಅವಳಿಗಿಂತ ಉದ್ದ. ಕೋಣೆಗೆ ಕಾಲಿಟ್ಟವಳು ಬೆರಳು ನೋಡಿದಳು, ಮೂಗು ನೋಡಿದಳು, ಸುಂಯ್ ಎಂಬ ಸದ್ದಿಗೆ ಕಿವಿಗೊಟ್ಟಳು. ಹುಡುಗನ ಬೆರಳನ್ನು ಸೋಪಿನ ನೀರಿಗೆ ಹಾಕಲು ಹೇಳಿ ಮಂಚ ಖಾಲಿ ಮಾಡಿಸಿದಳು. ನಾವು ಮೊದಲು ಬಂದದ್ದು ಎಂದು ಅಜ್ಜ ನೆನಪಿಸಿದರು.

"ಬೆರಳು ಕಾಯುತ್ತೆ ಅಜ್ಜಾ. ಉಸಿರು ಕಾಯಲ್ಲ" ಎಂದಳು ಡಾಕ್ಟರಮ್ಮ. ಮತ್ತೆ ಗೋಡೆಯ ಕಡೆ ತಿರುಗಿ, "ಅಮ್ಮಾ, ನೀವು ಬನ್ನಿ" ಎಂದಳು.

ಸಣ್ಣಕ್ಕ ಆ ನೀವು ಯಾರು ಎಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಗೋಡೆಯಿತ್ತು. ಅವಳಿಗೆ ಈ ಕೋಣೆಯ ರೀತಿಯೇ ಅರ್ಥವಾಗಲಿಲ್ಲ. ತೋಟದಲ್ಲಿ, ರೇಷನ್ ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ನಿಂತರೂ ಯಾರ ಕಡೆಯವರು ಎನ್ನುವುದರ ಮೇಲೆ ಸಾಲು ಆಗುತ್ತಿತ್ತು. ಇಲ್ಲಿ ಯಾರಿಗೆ ಉಸಿರು ಕಡಿಮೆಯೋ ಅವರು ಮುಂದೆ. ಮಗಳನ್ನು ಮಂಚದ ಮೇಲೆ ಕೂರಿಸಿದಳು. ಆ ಹೊಸ ಡಾಕ್ಟರಮ್ಮನ ಮೇಲೆ ಅವಳಿಗೆ ಅಲ್ಲೇ ಪ್ರೀತಿ ಹುಟ್ಟಿತು.

ಡಾಕ್ಟರಮ್ಮ ಟಾರ್ಚು ಹೊತ್ತಿಸಿ, ಎಲ್ಲಿ ಪುಟ್ಟಿ, ನೋಡೋಣ ಎಂದಳು. ಭವ್ಯ ಬೆಳಕನ್ನು ನೋಡಿತು. ಮಂಚದ ಮೇಲೆ ಎದ್ದು ನಿಂತಿತು. ಎರಡೂ ಅಂಗೈ ಬಿಚ್ಚಿ ಮುಂದೆ ಚಾಚಿತು. ಲಂಗದ ಅಂಚು ಹಿಡಿದು ಕೊಡವಿತು. ಜಡೆಯ ಟೇಪು ಎಳೆದು ತಲೆ ಬಗ್ಗಿಸಿ ಕೂದಲು ಜಾಡಿಸಿತು. ಅಮ್ಮನದನ್ನು ನೋಡಿ ಕಲಿತದ್ದು, ಮಕ್ಕಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಕೊನೆಗೆ ಕೆಮ್ಮುತ್ತಲೇ ಬಾಯಿ ಅಗಲಿಸಿ 'ಆ' ಎಂದಿತು.

ಪ್ರೇಮಕ್ಕನಿಗೆ ನಗು ಬಂತು. ಅವಿನಾಶನ ಅಜ್ಜಿಯೂ ನಕ್ಕರು. ಡಾಕ್ಟರಮ್ಮನೂ ಅರ್ಧ ನಕ್ಕು, ಇದೆಂತ ಆಟ, ಯಾರು ಕಲಿಸಿದ್ದು ಎಂದು ಕೇಳಿದಳು. ಕೃಷ್ಣಪ್ಪ ಪೋಲಿಯೋ ಹನಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

"ಆಟ ಅಲ್ಲ ಡಾಕ್ಟ್ರಮ್ಮ" ಎಂದಳು ಸಣ್ಣಕ್ಕ. "ಸಂಜೆ ತೋಟದಿಂದ ಹೊರಡೋವಾಗ ರೈಟ್ರಿಗೆ ಹಿಂಗೆ ತೋರ್ಸದು. ನಾವೂ ತೋರ್ಸದು."

ನಗು ನಿಂತಿತು. ಡಾಕ್ಟರಮ್ಮ ಟಾರ್ಚನ್ನು ಸ್ವಲ್ಪ ಕೆಳಗಿಳಿಸಿದಳು. ಮಂಚದ ಪಕ್ಕ ಮಂಡಿಯೂರಿ, ಬೀಜ ಹೇಗೆ ಒಳಗೆ ಹೋಯಿತು ಎಂದು ಭವ್ಯನನ್ನೇ ಕೇಳಿದಳು. ಅದು ಒಮ್ಮೆ ಕೃಷ್ಣಪ್ಪನ ಕಡೆ ನೋಡಿತು. ಆಮೇಲೆ ಡಾಕ್ಟರಮ್ಮನ ಕಿವಿಯ ಹತ್ತಿರ ಬಾಯಿ ತಂದು, ಕಟ್ಟಿದ ಮೂಗಿನಿಂದ, ಕೋಣೆಗೆಲ್ಲ ಕೇಳುವ ಹಾಗೆ ಗುಟ್ಟು ಹೇಳಿತು.

"ಬಾಯಿ ನೋಡ್ತಾರೆ. ಮೂಗು ನೋಡಲ್ಲ. ನಂಗೊಂದು ಗಿಡ ಮಾಡಕ್ಕೆ ಬೇಕು."

ಸಣ್ಣಕ್ಕನಿಗೆ ಆಗ ತಿಳಿಯಿತು. ಹಿಂದಿನ ದಿನ ಸಂಜೆಯೇ ಬೀಜ ಒಳಗೆ ಹೋಗಿತ್ತು. ಮಗಳು ಅವಳ ಪಕ್ಕದಲ್ಲೇ ನಿಂತು, ಅಂಗೈ ತೋರಿಸಿ, ಲಂಗ ಕೊಡವಿ, 'ಆ' ಎಂದು, ಗೇಟು ದಾಟಿತ್ತು. ಮನೆಗೆ ಬಂದು ತೆಗೆಯಲು ಹೋದರೆ ಬರಲಿಲ್ಲ. ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡಿದೆ. ಅಮ್ಮನಿಗೂ ಹೇಳಿಲ್ಲ, ಯಾಕೆಂದರೆ ಅಮ್ಮ ಕೊಡವುವವಳು, ಕೊಡವು ಎಂದವರಿಗೆ ಕೊಟ್ಟುಬಿಡುವವಳು. ಬೆನ್ನಿಗೆ ಕೊಟ್ಟ ಏಟು ಸಣ್ಣಕ್ಕನ ಕೈಯಲ್ಲೇ ಉರಿಯಿತು. ಇಷ್ಟು ದಿನ ತಾನು ಕಾಲು ತೊಳೆದ ಹಾಗೆ ಮಾಡಿದ್ದನ್ನು ಮಗಳು ನಿಂತು ನೋಡುತ್ತಿತ್ತು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು.

ಡಾಕ್ಟರಮ್ಮ ಮಾಡಬೇಕಾದ್ದನ್ನು ವಿವರಿಸಿದಳು. ಕೊಕ್ಕೆ ಹಾಕಿ ಎಳೆಯಬಹುದು, ಆದರೆ ಕೂಸು ಒದ್ದಾಡಿ ಬೀಜ ಜಾರಿ ಹಿಂದಕ್ಕೆ ಹೋಗಿ ಶ್ವಾಸದ ಕೊಳವೆಗೆ ಬಿದ್ದರೆ ಕಷ್ಟ. ಅದಕ್ಕೆ ಮೊದಲು ಅಮ್ಮನೇ ಒಂದು ಪ್ರಯತ್ನ ಮಾಡಬೇಕು. ಖಾಲಿ ಇರುವ ಹೊಳ್ಳೆಯನ್ನು ತಾನು ಒತ್ತಿ ಹಿಡಿಯುವುದು, ಅಮ್ಮ ಮಗಳ ಬಾಯಿಗೆ ಬಾಯಿ ಇಟ್ಟು, ಗಾಳಿ ಹೊರಗೆ ಹೋಗದ ಹಾಗೆ ಮುಚ್ಚಿ, ಒಮ್ಮೆಲೇ ಜೋರಾಗಿ ಊದಬೇಕು. ಬೀಜ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ. ಒಲೆ ಊದಿ ಅಭ್ಯಾಸ ಇದೆಯಲ್ಲ ಎಂದು ಪ್ರೇಮಕ್ಕ ಧೈರ್ಯ ಹೇಳಿದಳು. ಹೊಗೆ ತಿನ್ನುತ್ತ ಊದಿದ ವರ್ಷಗಳು ಕೊನೆಗೂ ಒಂದು ಕೆಲಸಕ್ಕೆ ಬಂದವು.

ಸಣ್ಣಕ್ಕ ಬಗ್ಗಿದಳು. ಭವ್ಯ ತುಟಿ ಬಿಗಿಹಿಡಿಯಿತು. ದಿನವೂ ಕೇಳುವ ಮೊದಲೇ ತೆರೆಯುತ್ತಿದ್ದ ಬಾಯಿ ಈಗ ಬೀಗ ಹಾಕಿಕೊಂಡಿತು. ಮುದ್ದು ಮಾಡಿದರೂ ಇಲ್ಲ. ಬಿಸ್ಕೆಟ್ಟಿನ ಆಸೆ ತೋರಿಸಿದರೂ ಇಲ್ಲ. ಸೋದರಮಾವ ಪೊಟ್ಟಣವನ್ನೇ ಮುಂದೆ ಹಿಡಿದ, ಪಾಪ. ನಶ್ಯಕ್ಕೆ ಇನ್ನೊಂದು ಹೊಳ್ಳೆಯೂ ಊದಿಕೊಂಡಿತ್ತು, ಕೂಸಿನ ತುಟಿಯ ಸುತ್ತ ನೀಲಿ ಕಟ್ಟತೊಡಗಿತ್ತು. ಬಾಯಿ ತೆರೆದರೆ ಉಸಿರು ಬರುತ್ತದೆ, ಬೀಜ ಹೋಗುತ್ತದೆ. ಐದು ವರ್ಷದ ಮಗಳು ಉಸಿರನ್ನು ಕೈಬಿಟ್ಟು ಬೀಜ ಹಿಡಿದುಕೊಂಡಿತ್ತು. ಡಾಕ್ಟರಮ್ಮ ಕೊಕ್ಕೆಯ ಟ್ರೇ ಹತ್ತಿರ ತರಲು ಹೇಳಿದಳು.

"ಭವ್ಯ, ಇಲ್ಲಿ ನೋಡು" ಎಂದಳು ಸಣ್ಣಕ್ಕ. "ಅದು ನಿಂದೇ. ಹೊರಗೆ ಬಂದ್ಮೇಲೂ ನಿಂದೇ. ಯಾರಿಗೂ ಕೊಡಲ್ಲ ನಾನು."

ಭವ್ಯ ಅಮ್ಮನ ಮುಖವನ್ನು ನೋಡಿತು. ನಂಬಬೇಕೋ ಬೇಡವೋ ಎಂದು ನೋಡಿತು. ಆ ನೋಟ ಸಣ್ಣಕ್ಕನನ್ನು ಕೊಂದಿತು. ಆಮೇಲೆ ಸಣ್ಣಗೆ ಬಾಯಿ ತೆರೆಯಿತು.

ಅವಳು ಊದಿದಳು. ಮೊದಲ ಸಲ ಗಾಳಿ ಪಕ್ಕಕ್ಕೆ ಸೋರಿತು. ಎರಡನೇ ಸಲ ಹೊಟ್ಟೆಯಾಳದಿಂದ ಊದಿದಳು. ಫಟ್ ಎಂದು ಬೀಜ ಹಾರಿತು. ಸಿಂಬಳ, ರಕ್ತ, ಯಮುನಮ್ಮನ ನಶ್ಯ ಎಲ್ಲ ಸೇರಿ ಸಣ್ಣಕ್ಕನ ಕೆನ್ನೆಗೆ ಬಡಿಯಿತು. ಬೀಜ ಅವಳ ಕಿವಿಯ ಪಕ್ಕದಿಂದ ಹೋಗಿ ನೆಲಕ್ಕೆ ಬಿದ್ದು ಉರುಳಿತು. ಭವ್ಯ ಮೂಗಿನಿಂದ ಒಂದು ದೊಡ್ಡ ಉಸಿರೆಳೆದುಕೊಂಡಿತು, ಆಮೇಲೆ ಬೆಳಿಗ್ಗೆಯಿಂದ ಬಾಕಿಯಿದ್ದ ಸೀನನ್ನು ಸೀನಿತು. ಅವಿನಾಶ ಚಪ್ಪಾಳೆ ಹೊಡೆದ. ನಟ್ಟು ಸಮೇತ.

ಸಣ್ಣಕ್ಕ ಅತ್ತಳು. ಮಗಳನ್ನು ತಬ್ಬಿಕೊಂಡು, ಯಾರು ನೋಡುತ್ತಾರೆ ಎಂದು ನೋಡದೆ ಅತ್ತಳು. ಡಾಕ್ಟರಮ್ಮ ಇನ್ನೊಂದು ಹೊಳ್ಳೆಗೂ ಎರಡು ಕಿವಿಗೂ ಟಾರ್ಚು ಹಾಕಿ ನೋಡಿದಳು, ಎದೆಗೆ ಕಿವಿ ಕೊಟ್ಟಳು, ಎಲ್ಲ ಸರಿಯಿದೆ, ಸ್ವಲ್ಪ ಹೊತ್ತು ಇಲ್ಲೇ ಇರಲಿ ಎಂದಳು.

ಬೀಜ ಉರುಳಿ ನಿಂತದ್ದು ಕೃಷ್ಣಪ್ಪನ ಚಪ್ಪಲಿಯ ಹತ್ತಿರ. ಅವನು ಬಗ್ಗಿ ಎತ್ತಿಕೊಂಡ. ಕರ್ಚೀಫಿನಲ್ಲಿ ಒರೆಸಿದ. ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ದುರಾಸೆಯಿಂದಲ್ಲ, ಕೆಟ್ಟತನದಿಂದಲೂ ಅಲ್ಲ. ನೆಲಕ್ಕೆ ಬಿದ್ದ ಕಾಫಿ ಬೀಜ ಕಂಡರೆ ಅವನ ಬೆನ್ನು ತಾನಾಗಿ ಬಗ್ಗುತ್ತಿತ್ತು. ಭವ್ಯ ಅಮ್ಮನ ಹೆಗಲ ಮೇಲಿಂದ ಅದನ್ನು ನೋಡಿತು. ಅಳಲಿಲ್ಲ. ಹೀಗೇ ಆಗುತ್ತದೆ ಎಂದು ಗೊತ್ತಿದ್ದವರ ಹಾಗೆ ಮುಖ ತಿರುಗಿಸಿಕೊಂಡಿತು.

ಸಣ್ಣಕ್ಕ ಮಗಳನ್ನು ಮಂಚದ ಮೇಲೆ ಕೂರಿಸಿದಳು. ಕೆನ್ನೆ ಒರೆಸಿಕೊಂಡಳು. ಕೃಷ್ಣಪ್ಪನ ಎದುರು ಹೋಗಿ ನಿಂತಳು.

"ಬೀಜ ಕೊಡಿ ರೈಟ್ರೇ."

ತೋಟದ ಮಾಲು, ಅಯ್ಯನವರಿಗೆ ಒಪ್ಪಿಸಬೇಕಲ್ಲ ಎಂದು ಅವನು ನಗೆ ತಂದುಕೊಂಡ. ಇಷ್ಟು ಜನರ ಎದುರು ಒಂದು ಬೀಜಕ್ಕೆ ಏನು ಮಾತು ಎಂದ. ಜೇಬಿನಲ್ಲಿ ಎಲ್ಲಿ ಹೋಯಿತೋ ಎಂದೂ ಸೇರಿಸಿದ.

"ಹಂಗಾದ್ರೆ ಜೇಬು ಕೊಡವಿ" ಎಂದಳು ಸಣ್ಣಕ್ಕ.

ಬಿಸ್ಕೆಟ್ ಅಗಿಯುವ ಸದ್ದು ನಿಂತಿತು. ಕೃಷ್ಣಪ್ಪ ಡಾಕ್ಟರಮ್ಮನ ಕಡೆ ನೋಡಿದ. ಅವಳು ಟಾರ್ಚನ್ನು ಅವನ ಕಡೆ ತಿರುಗಿಸಿರಲಿಲ್ಲ, ತಿರುಗಿಸುವ ಯೋಚನೆ ಮಾತ್ರ ಕಾಣುತ್ತಿತ್ತು. ಅಜ್ಜನ ಕಡೆ ನೋಡಿದ. ಸರದಿಯಲ್ಲಿ ಹಿಂದೆ ಬಿದ್ದಿದ್ದ ಅವಿನಾಶನ ಅಜ್ಜ ಕೂಡ, ಕೊಟ್ಟುಬಿಡು ಮಾರಾಯ, ಎಂತಕ್ಕೆ ತಕರಾರು ಎಂದರು.

ಅವನು ಜೇಬಿಗೆ ಕೈ ಹಾಕಿದ. ಒಳಗಿನ ಬಟ್ಟೆಯನ್ನು ಪೂರ್ತಿ ಹೊರಗೆ ಎಳೆದು, ಎರಡು ಬೆರಳಲ್ಲಿ ತುದಿ ಹಿಡಿದು, ಒಮ್ಮೆ ಜಾಡಿಸಿದ. ಸಲೀಸಾಗಿ, ಒಂದೇ ಬೀಸಿಗೆ. ಅಂಥ ಬೀಸು ಒಂದು ದಿನದಲ್ಲಿ ಬರುವುದಿಲ್ಲ. ಸಣ್ಣಕ್ಕ ನೋಡಿ ಗುರುತು ಹಿಡಿದಳು. ಶನಿವಾರ ಶನಿವಾರ ಲೆಕ್ಕ ಒಪ್ಪಿಸಲು ಹೋಗುವ ಕೃಷ್ಣಪ್ಪ ಅಯ್ಯನವರ ಜಗಲಿಯಲ್ಲಿ ನಿಂತು ಏನು ಮಾಡಿ ಬರುತ್ತಾನೆ ಎಂದು ಅವಳಿಗೆ ಆವತ್ತು ತಿಳಿಯಿತು. ಅಯ್ಯೋ ಪಾಪ ಅನ್ನಿಸಿತು. ಪಾಪ ಅನ್ನಿಸಿದರೂ ನೆಲಕ್ಕೆ ಬಿದ್ದ ಬೀಜ ಎತ್ತಿಕೊಂಡಳು, ಭವ್ಯನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

ವಾಪಸು ಬರುವಾಗ ಜೀಪಿನಲ್ಲಿ ಭವ್ಯ ದಾರಿಯುದ್ದಕ್ಕೂ ಈ ಹೊಳೆ ಯಾರದು, ಆ ಸೇತುವೆ ಯಾರದು ಎಂದು ಎರಡೂ ಹೊಳ್ಳೆಯಿಂದ ಕೇಳುತ್ತ ಬಂತು.

ಸುದ್ದಿ ಅವರಿಗಿಂತ ಮೊದಲೇ ತೋಟ ಮುಟ್ಟಿತ್ತು. ಮಾರನೆಯ ಸಂಜೆ ತೂಕದ ಜಾಗಕ್ಕೆ ಸೀತಾರಾಮಯ್ಯನವರೇ ಕುರ್ಚಿ ಹಾಕಿಸಿಕೊಂಡು ಬಂದು ಕೂತಿದ್ದರು. ಹೆಂಗಸರು ಸಾಲು ನಿಂತರು. ಮುಂದಿನವರು ಕೊಡವಿದರು. ತುರುಬು ಬಿಚ್ಚಿದರು. ಸಣ್ಣಕ್ಕ ಮೂಟೆ ಇಳಿಸಿ ತೂಕ ಮಾಡಿಸಿದಳು. ಆಮೇಲೆ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು. ಕೃಷ್ಣಪ್ಪ ಸಿಲ್ವರ್ ಮರದ ತುದಿ ನೋಡಿದ. ಈ ಸಲ ನಿಜವಾಗಿಯೂ ಅದನ್ನೇ ನೋಡಿದ.

ಅಯ್ಯನವರು ಮೆತ್ತಗೆ ಮಾತಾಡಿದರು. ಜೀಪು ಕೊಟ್ಟದ್ದು ಯಾರು ಎಂದು ಕೇಳಿದರು. ಕೂಸು ಹುಷಾರಾದದ್ದು ತಮಗೂ ಸಂತೋಷವೇ ಎಂದರು. ಆದರೆ ತೋಟಕ್ಕೆ ಒಂದು ಪದ್ಧತಿ ಇದೆ, ಅಜ್ಜನ ಕಾಲದಿಂದ ಬಂದದ್ದು, ಒಪ್ಪದವರು ನಾಳೆ ಲೈನ್ ಖಾಲಿ ಮಾಡಬಹುದು ಎಂದರು. ಲೈನ್ ಬಿಟ್ಟರೆ ಅವಳಿಗೆ ಎಲ್ಲೂ ಸೂರಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ಸಾಲಿನಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು.

"ಖಾಲಿ ಮಾಡು ಅಂದ್ರೆ ಮಾಡ್ತೀನಿ ಅಯ್ಯಾ" ಎಂದಳು ಸಣ್ಣಕ್ಕ. ಅವರೆದುರು ಅವಳು ಬಾಯಿ ತೆರೆದದ್ದು ಅದೇ ಮೊದಲು. "ಒಂದು ಬೀಜ ತೋರ್ಸದಕ್ಕಿಂತ ಉಸಿರು ಕಟ್ಟೋದೇ ವಾಸಿ ಅಂತ ನನ್ನ ಕೂಸು ಕೂತಿತ್ತು. ಇನ್ನು ನಾನು ಕೊಡವದಿಲ್ಲ."

ಅವಳ ಹಿಂದೆ ಯಮುನಮ್ಮ ನಿಂತಿದ್ದಳು. ಅರ್ಧ ಬಿಚ್ಚಿದ ತನ್ನ ಬಿಳಿ ತುರುಬನ್ನು ಮುದುಕಿ ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಎರಡು ಸುತ್ತು ಸುತ್ತಿ ಮತ್ತೆ ಗಂಟು ಹಾಕಿಕೊಂಡಳು. ಅವಳ ಹಿಂದಿನವಳು ಅದನ್ನು ನೋಡಿ, ಮಡಿಲಿಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಗುಡ್ಡದ ಮೇಲೆ ಇನ್ನೂ ಕೊಯ್ಯದ ಹಣ್ಣು ಕಪ್ಪಾಗಿ ಉದುರುತ್ತಿತ್ತು. ಇಷ್ಟು ಜನರನ್ನು ಒಟ್ಟಿಗೆ ಲೈನ್ ಖಾಲಿ ಮಾಡಿಸಿದರೆ ಅದನ್ನು ಕೊಯ್ಯುವವರು ಯಾರು ಎಂಬ ಲೆಕ್ಕ ಅಯ್ಯನವರ ಮುಖದ ಮೇಲೆ ನಿಧಾನಕ್ಕೆ ಓಡಾಡಿತು.

ಭವ್ಯನಿಗೆ ದೊಡ್ಡವರ ಈ ಲೆಕ್ಕ ಅರ್ಥವಾಗಲಿಲ್ಲ. ಸಾಲಿನಲ್ಲಿ ತನ್ನ ಸರದಿ ಬಂತು ಎಂದುಕೊಂಡಿತು. ಅಯ್ಯನವರ ಮುಂದೆ ಹೋಗಿ ಅಂಗೈ ಚಾಚಿತು, ಬಾಯಿ ಅಗಲಿಸಿತು.

ಸಣ್ಣಕ್ಕ ಬಗ್ಗಿ, ಮಗಳ ಗದ್ದದ ಕೆಳಗೆ ಬೆರಳಿಟ್ಟು, ಆ ಬಾಯಿಯನ್ನು ಮುಚ್ಚಿದಳು.

"ಉಣ್ಣಕ್ಕೆ ತೆಗಿ. ಮಾತಾಡಕ್ಕೆ ತೆಗಿ" ಎಂದಳು. "ತೋರ್ಸಕ್ಕೆ ತೆಗಿಬೇಡ."

ಭವ್ಯ ಬಾಯಿ ಮುಚ್ಚಿಕೊಂಡೇ ಅಯ್ಯನವರನ್ನು ನೋಡಿತು. ಅಯ್ಯನವರೂ ಅದನ್ನು ನೋಡಿದರು. ಮೊದಲು ಕಣ್ಣು ಕೆಳಗೆ ಹಾಕಿದವರು ಅವರು.